ಚಿಪ್ಪು ಚಿಕ್ಕದು, ಕಾಲು ದೊಡ್ಡದು: ಕತ್ತೆಕಿವಿ ಅಬಲೋನಿಯ ಬದುಕು

ಸಿಂಗಪುರಕ್ಕೋ ಬ್ಯಾಂಕಾಕಿಗೋ ಹೋದವರು ಸೀಫುಡ್ ಹೋಟೆಲಿನ ಮೆನುವಿನಲ್ಲಿ ‘ಅಬಲೋನಿ’ ಎಂಬ ಹೆಸರನ್ನೂ ಅದರ ಎದುರಿಗಿರುವ ಬೆಲೆಯನ್ನೂ ನೋಡಿ ಒಂದು ಕ್ಷಣ ತಡೆದು ನಿಂತಿರುತ್ತಾರೆ. ಚೀನೀಯರ ಹೊಸವರ್ಷದ ಊಟಕ್ಕೆ ಚಿಪ್ಪುಳ್ಳ ಈ ಕಡಲಜೀವಿ ಬೇಕೇ ಬೇಕು. ಅವರ ಭಾಷೆಯಲ್ಲಿ ಇದರ ಹೆಸರು ‘ಬಾವ್ ಯೂ’. ‘ಮಿಗುವುದು ಖಂಡಿತ’ ಎಂಬರ್ಥದ ಮಾತೂ ಕಿವಿಗೆ ಹೀಗೆಯೇ ಕೇಳುವುದರಿಂದ ಇದು ಶುಭದ ತಿನಿಸು. ಆದರೆ ಸಮುದ್ರದಲ್ಲಿ ಇದು ಮಿಗುತ್ತಿಲ್ಲ. ಜಗತ್ತಿನ 54 ಜಾತಿಯ ಅಬಲೋನಿಗಳಲ್ಲಿ 20 ಜಾತಿಗಳು ಅಳಿವಿನ ಅಪಾಯದಲ್ಲಿವೆ ಎಂದು ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟ 2022ರ ಡಿಸೆಂಬರಿನಲ್ಲಿ ತನ್ನ ಕೆಂಪುಪಟ್ಟಿಯಲ್ಲಿ ಹೇಳಿತು.

ಅಬಲೋನಿ ಎಂದೊಡನೆ ಹೆಚ್ಚಿನವರು ಮಾತಾಡುವುದು ಕ್ಯಾಲಿಫೋರ್ನಿಯ, ದಕ್ಷಿಣ ಆಫ್ರಿಕ, ಜಪಾನಿನ ತಣ್ಣೀರಿನ ದೊಡ್ಡ ಜಾತಿಗಳ ಬಗ್ಗೆ. ಬಿಸಿ ಸಮುದ್ರದಲ್ಲೂ ಅಬಲೋನಿಗಳಿವೆ. ಅವುಗಳಲ್ಲಿ ಅತಿ ದೊಡ್ಡದಾಗಿ, ಅತಿ ಬೇಗ ಬೆಳೆಯುವುದು ‘ಹ್ಯಾಲಿಯೋಟಿಸ್ ಅಸಿನೈನ’, ಅಂದರೆ ಕತ್ತೆಕಿವಿ ಅಬಲೋನಿ. ಸಾಕಣೆಗೆ ಇದೇ ಹೇಳಿಮಾಡಿಸಿದ್ದು ಎನ್ನುತ್ತಾರೆ. ಇದು ಹೇಗೆ ಬದುಕುತ್ತದೆ ಎಂದು ತಿಳಿದರೆ ಆ ಮಾತು ಎಷ್ಟು ನಿಜ, ಎಲ್ಲಿ ತಪ್ಪುತ್ತದೆ ಎಂಬುದೂ ತಿಳಿಯುತ್ತದೆ.

ಬಸವನಹುಳುವಿನ ನೆಂಟ

ಮಂಗಳೂರು, ಮಲ್ಪೆ, ಕಾರವಾರದ ಮೀನು ಪೇಟೆಯಲ್ಲಿ ಮರುವಾಯಿ, ಬಳಚು, ಪಚ್ಚಿಲೆ ಸಿಗುತ್ತವೆ. ಅವೆಲ್ಲ ಎರಡು ಚಿಪ್ಪು ಸೇರಿ ಡಬ್ಬಿಯಂತೆ ಮುಚ್ಚಿಕೊಳ್ಳುವ ಜೀವಿಗಳು. ಅಬಲೋನಿಗೆ ಇರುವುದು ಒಂದೇ ಚಿಪ್ಪು. ಹೊಟೇಲಿನ ತಟ್ಟೆಯಲ್ಲಿ ಅರ್ಧ ಚಿಪ್ಪಿನ ಮೇಲೆ ಬಂದದ್ದನ್ನು ಕಂಡು ಇನ್ನರ್ಧ ಎಲ್ಲಿ ಹೋಯಿತು ಎಂದು ಕೇಳುವವರಿದ್ದಾರೆ. ಇನ್ನರ್ಧ ಇರಲೇ ಇಲ್ಲ. ಮಳೆಗಾಲದಲ್ಲಿ ತೋಟದ ಗೋಡೆ ಹತ್ತುವ ಬಸವನಹುಳುವಿನ ದೂರದ ನೆಂಟ ಇದು. ಬಸವನಹುಳುವಿನ ಸುರುಳಿಯನ್ನು ಮೇಲಿಂದ ಒತ್ತಿ ಚಪ್ಪಟೆ ಮಾಡಿ, ಕೊನೆಯ ಸುತ್ತನ್ನು ಬಟ್ಟಲಿನಂತೆ ಅಗಲಿಸಿದರೆ ಅಬಲೋನಿಯ ಚಿಪ್ಪಾಗುತ್ತದೆ. ಒಂದು ತುದಿಯಲ್ಲಿ ಆ ಹಳೆಯ ಸುರುಳಿಯ ಗುರುತು ಸಣ್ಣ ಗುಬುಟಾಗಿ ಉಳಿದಿರುತ್ತದೆ.

‘ಹ್ಯಾಲಿಯೋಟಿಸ್’ ಎಂದರೆ ಗ್ರೀಕ್ ಭಾಷೆಯಲ್ಲಿ ಕಡಲಕಿವಿ. ‘ಅಸಿನೈನ’ ಎಂದರೆ ಲ್ಯಾಟಿನ್ನಿನಲ್ಲಿ ಕತ್ತೆಗೆ ಸೇರಿದ್ದು. ಮಿಕ್ಕ ಜಾತಿಗಳ ಚಿಪ್ಪು ಮನುಷ್ಯನ ಕಿವಿಯಂತೆ ಗುಂಡಗಿದ್ದರೆ ಇದರದ್ದು ಉದ್ದಕ್ಕೆ, ತುಸು ಬಾಗಿ, ನಿಜಕ್ಕೂ ಕತ್ತೆಯ ಕಿವಿಯಂತೆಯೇ ಇದೆ. 1758ರಲ್ಲಿ ಲಿನೇಯಸ್ ಇಟ್ಟ ಹೆಸರು ಇಂದಿಗೂ ಬದಲಾಗಿಲ್ಲ. ಫಿಲಿಪೀನ್ಸಿನ ವಿಸಾಯ ದ್ವೀಪಗಳಲ್ಲಿ ಇದನ್ನು ‘ಲಾಪಾಸ್’ ಎನ್ನುತ್ತಾರೆ. ಥಾಯ್ಲೆಂಡ್, ಇಂಡೋನೇಷ್ಯ, ಫಿಲಿಪೀನ್ಸ್, ಉತ್ತರ ಆಸ್ಟ್ರೇಲಿಯ, ಅಲ್ಲಿಂದಾಚೆ ಪೆಸಿಫಿಕ್ ದ್ವೀಪಗಳ ಹವಳದ ದಿಬ್ಬಗಳಲ್ಲಿ ಇದರ ವಾಸ. ಪೂರ್ತಿ ಬೆಳೆದರೆ ಚಿಪ್ಪಿನ ಉದ್ದ ಸುಮಾರು 12 ಸೆಂ.ಮೀ. ತಣ್ಣೀರಿನ ಕೆಂಪು ಅಬಲೋನಿ 30 ಸೆಂ.ಮೀ. ಮುಟ್ಟುತ್ತದೆ. ಅದರ ಪಕ್ಕದಲ್ಲಿ ಇದು ಚಿಕ್ಕದೇ.

ಮನೆಯೊಳಗೆ ಹಿಡಿಸದ ಯಜಮಾನ

ಕತ್ತೆಕಿವಿಯನ್ನು ಮೊದಲ ಸಲ ಜೀವಂತ ನೋಡಿದವರಿಗೆ ಅಚ್ಚರಿಯಾಗುವುದು ಒಂದು ವಿಷಯಕ್ಕೆ: ಇದರ ಮೈ ಚಿಪ್ಪಿನೊಳಗೆ ಹಿಡಿಸುವುದೇ ಇಲ್ಲ. ಬೇರೆ ಅಬಲೋನಿಗಳು ಅಪಾಯ ಕಂಡರೆ ಚಿಪ್ಪನ್ನು ಬಂಡೆಗೆ ಒತ್ತಿ ಮೈಯನ್ನೆಲ್ಲ ಒಳಗೆಳೆದುಕೊಳ್ಳುತ್ತವೆ. ಇದಕ್ಕೆ ಆ ಭಾಗ್ಯವಿಲ್ಲ. ಕಾಲು, ಅಂದರೆ ತೆವಳಲು ಬಳಸುವ ಮೈಯಡಿಯ ಮಾಂಸಲ ಭಾಗ, ಚಿಪ್ಪಿನ ಅಂಚು ದಾಟಿ ಸುತ್ತಲೂ ಹೊರಗೆ ಚಾಚಿಕೊಂಡಿರುತ್ತದೆ. ಮೈಯ ಪೊರೆಯೊಂದು ಚಿಪ್ಪಿನ ಮೇಲಕ್ಕೂ ಹತ್ತಿ ಅದರ ಬಹುಭಾಗವನ್ನು ಮುಚ್ಚುತ್ತದೆ. ಹಾಗಾಗಿಯೇ ಇದರ ಚಿಪ್ಪು ನುಣುಪು. ಬೇರೆ ಜಾತಿಗಳ ಚಿಪ್ಪಿನ ಮೇಲೆ ಪಾಚಿ, ಹುಳು, ಬಾರ್ನಕಲ್ ಎಂಬ ಅಂಟಿಕೊಂಡು ಬೆಳೆಯುವ ಜೀವಿಗಳು ಮನೆ ಕಟ್ಟುವಂತೆ ಇಲ್ಲಿ ಸುಲಭವಾಗಿ ಕಟ್ಟಲಾರವು.

ಚಿಪ್ಪು ತೆಳ್ಳಗೆ, ಹಗುರ. ಕಾಲು ದೊಡ್ಡದು, ಬಲವಾದದ್ದು. ಕೋಟೆ ಕಟ್ಟಿಕೊಂಡು ಕೂರುವ ಬದಲು ಓಡಿ ತಪ್ಪಿಸಿಕೊಳ್ಳುವ ದಾರಿ ಹಿಡಿದ ಜೀವಿ ಇದು. ನಕ್ಷತ್ರಮೀನೋ ಬೇಟೆಗಾರ ಶಂಖದ ಹುಳುವೋ ತಾಗಿದರೆ ಚಿಪ್ಪನ್ನು ಅತ್ತಿತ್ತ ತಿರುಚಿ ಕೊಡವಿ, ಬಸವನಹುಳುವಿನ ಕುಲಕ್ಕೇ ಹೊಂದದ ವೇಗದಲ್ಲಿ ಸರಿದುಹೋಗುತ್ತದೆ. ಹಗಲಿಡೀ ಹವಳದ ಚೂರುಗಳ ಅಡಿಯಲ್ಲಿ, ಬಂಡೆಯ ಸಂದಿನಲ್ಲಿ ಅವಿತಿದ್ದು ಕತ್ತಲಾದ ಮೇಲೆ ಮೇಯಲು ಹೊರಡುತ್ತದೆ.

ಪೇಟೆಯಲ್ಲಿ ಇದಕ್ಕೆ ಬೇಡಿಕೆ ಬಂದದ್ದೂ ಇದೇ ಕಾರಣಕ್ಕೆ. ತಿನ್ನುವುದು ಕಾಲಿನ ಮಾಂಸಖಂಡವನ್ನು. ಒಂದೇ ತೂಕದ ಬೇರೆ ಅಬಲೋನಿಗಿಂತ ಇದರಲ್ಲಿ ಚಿಪ್ಪಿನ ಪಾಲು ಕಡಿಮೆ, ಮಾಂಸದ ಪಾಲು ಹೆಚ್ಚು.

ಸಾಲು ತೂತುಗಳು ಯಾತಕ್ಕೆ?

ಚಿಪ್ಪಿನ ಎಡ ಅಂಚಿನುದ್ದಕ್ಕೂ ಕೊಳಲಿನ ಹಾಗೆ ಒಂದು ಸಾಲು ತೂತುಗಳಿವೆ. ಕತ್ತೆಕಿವಿಯಲ್ಲಿ ತೆರೆದಿರುವುದು ಐದರಿಂದ ಏಳು. ಚಿಪ್ಪು ಬೆಳೆದಂತೆ ಮುಂದಿನ ಅಂಚಿನಲ್ಲಿ ಒಂದು ಕಚ್ಚು ಮೂಡುತ್ತದೆ, ಅದರ ಬಾಯಿ ಕೂಡಿಕೊಂಡು ತೂತಾಗುತ್ತದೆ. ಹಿಂದಿನ ಹಳೆಯ ತೂತು ಒಳಗಿನಿಂದ ತುಂಬಿ ಮುಚ್ಚಿಹೋಗುತ್ತದೆ. ಮುಚ್ಚಿದ ತೂತುಗಳ ಗುರುತು ಸಾಲಾಗಿ ಹಿಂದಕ್ಕೆ ಸಾಗಿರುವುದನ್ನು ಒಣ ಚಿಪ್ಪಿನಲ್ಲೂ ನೋಡಬಹುದು.

ತೂತಿನ ಕೆಲಸ ತಿಳಿಯಲು ಬಸವನಹುಳುಗಳ ಕುಲದ ಒಂದು ವಿಚಿತ್ರ ತಿಳಿದಿರಬೇಕು. ಮರಿ ಇನ್ನೂ ಕಣ್ಣಿಗೆ ಕಾಣದಷ್ಟು ಚಿಕ್ಕದಿರುವಾಗಲೇ ಅದರ ಮೈಯ ಹಿಂಭಾಗ ಅರ್ಧ ಸುತ್ತು ತಿರುಗಿ ಮುಂದಕ್ಕೆ ಬಂದುಬಿಡುತ್ತದೆ. ಪರಿಣಾಮವಾಗಿ ಮಲದ್ವಾರ ತಲೆಯ ಮೇಲೆ, ಕಿವಿರುಗಳ ಹತ್ತಿರ ಬಂದು ಕೂರುತ್ತದೆ. ಅಡುಗೆಮನೆ ಮತ್ತು ಬಚ್ಚಲು ಒಂದೇ ಕೋಣೆಯಲ್ಲಿ ಬಂದಂತಾಯಿತು. ಅಬಲೋನಿ ಇದಕ್ಕೆ ಮಾಡಿಕೊಂಡ ಏರ್ಪಾಡೇ ಈ ತೂತುಗಳು. ಶುದ್ಧ ನೀರು ಚಿಪ್ಪಿನ ಮುಂದಿನ ಅಂಚಿನಡಿಯಿಂದ ಒಳಬಂದು, ಎರಡು ಕಿವಿರುಗಳನ್ನು ಹಾದು, ಹೊಲಸನ್ನೂ ಹೊತ್ತುಕೊಂಡು ತೂತುಗಳಿಂದ ಮೇಲಕ್ಕೆ ಹೊರಟುಹೋಗುತ್ತದೆ. ಹಳೆಯ ಮನೆಯ ಹೊಗೆಗೂಡು ಮಾಡುತ್ತಿದ್ದದ್ದು ಇದನ್ನೇ. ಚಿಪ್ಪಿನ ಮೇಲೆ ಸಮುದ್ರದ ನೀರು ಹರಿದಾಗ ತೂತಿನ ಬಾಯಲ್ಲಿ ಎಳೆತ ಉಂಟಾಗಿ, ಒಳಗಿನ ಹರಿವು ಅರ್ಧ ತಾನಾಗಿಯೇ ನಡೆಯುತ್ತದೆ. ನಿಂತ ನೀರಿನಲ್ಲಿ ಅಬಲೋನಿ ಸೊರಗುವುದಕ್ಕೆ ಇದೂ ಒಂದು ಕಾರಣ. ಮೊಟ್ಟೆ, ವೀರ್ಯ ಹೊರಹೋಗುವುದೂ ಇದೇ ತೂತುಗಳಿಂದ.

ಒಳಗಿನ ರಚನೆಯಲ್ಲಿ ಇನ್ನೊಂದು ವಿಚಿತ್ರವಿದೆ: ಕರುಳಿನ ಕೊನೆಯ ಭಾಗ ಹೃದಯದ ನಟ್ಟನಡುವೆ ತೂರಿಕೊಂಡು ಹೋಗುತ್ತದೆ. ಯಾಕೆ ಎಂದು ಕೇಳಿದರೆ, ಹಳೆಯ ವಂಶದ ಮೃದ್ವಂಗಿಗಳಲ್ಲಿ ಹಾಗೆಯೇ ಇದೆ ಎನ್ನುವುದಷ್ಟೇ ಉತ್ತರ.

ನೀಲಿ ರಕ್ತ, ಮತ್ತು ಚಾಕುವಿನ ಅಪಾಯ

ನಮ್ಮ ರಕ್ತದಲ್ಲಿ ಆಮ್ಲಜನಕ ಹೊರುವುದು ಕಬ್ಬಿಣ, ಅದಕ್ಕೇ ಅದು ಕೆಂಪು. ಅಬಲೋನಿಯಲ್ಲಿ ಆ ಕೆಲಸ ತಾಮ್ರದ್ದು. ಹಿಮೋಸಯನಿನ್ ಎಂಬ ಆ ತಾಮ್ರದ ಪ್ರೋಟೀನಿಗೆ ಆಮ್ಲಜನಕ ಸಿಕ್ಕರೆ ರಕ್ತ ತಿಳಿನೀಲಿಯಾಗುತ್ತದೆ. ಬಣ್ಣಕ್ಕಿಂತ ಮುಖ್ಯವಾದ ಸಂಗತಿ ಬೇರೆ ಇದೆ: ನಮ್ಮ ರಕ್ತ ಹೆಪ್ಪುಗಟ್ಟಿ ಗಾಯ ಮುಚ್ಚುವಂಥ ಏರ್ಪಾಡು ಇದಕ್ಕಿಲ್ಲ. ಕಾಲಿಗೆ ಆಳವಾದ ಕಚ್ಚು ಬಿದ್ದರೆ ರಕ್ತ ಸೋರುತ್ತಲೇ ಇರುತ್ತದೆ, ಹಲವು ದಿನ ಬಿಟ್ಟು ಸಾಯುವುದೂ ಉಂಟು.

ಬಂಡೆಯಿಂದ ಬಿಡಿಸುವಾಗ ಆಗುವ ತಪ್ಪು ಇದೇ. ಚೂಪಾದ ಚಾಕು ತೂರಿಸಿ ಮೀಟಿದರೆ ಕಾಲು ಕೊಯ್ದುಹೋಗುತ್ತದೆ. ಗಿಡ್ಡದಾಗಿ ಸಿಕ್ಕಿತೆಂದು ಅದನ್ನು ಮರಳಿ ನೀರಿಗೆ ಬಿಟ್ಟರೂ ಉಳಿಯುವುದಿಲ್ಲ. ಸಾಕಣೆಯವರು ಬಳಸುವುದು ಅಂಚು ಮೊಂಡಾದ, ಚಪ್ಪಟೆ ಪ್ಲಾಸ್ಟಿಕ್ ಪಟ್ಟಿಯನ್ನು. ಪ್ರಾಣಿ ನೆಮ್ಮದಿಯಾಗಿ ಸಾಗುತ್ತಿರುವಾಗ ಒಂದೇ ಸಲಕ್ಕೆ ಅಡಿಗೆ ತೂರಿಸಿ ಎತ್ತಬೇಕು. ಮೊದಲ ಪ್ರಯತ್ನ ತಪ್ಪಿ ಅದು ಬೆದರಿ ಕಚ್ಚಿಕೊಂಡರೆ ಬಿಟ್ಟುಬಿಡಬೇಕು; ಮತ್ತೆ ಸಡಿಲಾಗುವವರೆಗೆ ಕಾಯುವುದೇ ಲೇಸು. ಕಾಲಿನ ಸ್ನಾಯು, ಅಂಟುಲೋಳೆ, ಗಾಳಿಯಾಡದ ಹಿಡಿತ ಮೂರೂ ಸೇರಿದ ಪಟ್ಟು ಅದು. ಎಳೆದರೆ ಪ್ರಾಣಿ ಬರುವುದಿಲ್ಲ, ಚಿಪ್ಪು ಕಿತ್ತು ಬರುತ್ತದೆ.

ತುರಿಮಣೆ ನಾಲಗೆ, ಕೆಂಪು ಪಾಚಿಯ ಊಟ

ಬಾಯೊಳಗೆ ಸಾಲುಸಾಲು ಸೂಕ್ಷ್ಮ ಹಲ್ಲುಗಳ ಪಟ್ಟಿಯೊಂದಿದೆ. ತೆಂಗಿನಕಾಯಿ ತುರಿಯುವ ತುರಿಮಣೆಯನ್ನು ರಿಬ್ಬನ್ನಿನಂತೆ ಉದ್ದಕ್ಕೆ ಎಳೆದರೆ ಹೇಗೋ ಹಾಗೆ. ಮುಂದಿನ ಹಲ್ಲು ಸವೆದಂತೆ ಹಿಂದಿನಿಂದ ಹೊಸ ಸಾಲು ಸರಿದು ಬರುತ್ತದೆ. ಎಳೆಮರಿ ಇದರಿಂದ ಬಂಡೆಯ ಮೇಲಿನ ಜಾರುಪದರವನ್ನು, ಅಂದರೆ ಡಯಾಟಮ್ ಎಂಬ ಒಂಟಿಕೋಶದ ಪಾಚಿಯನ್ನು, ಕೆರೆದು ತಿನ್ನುತ್ತದೆ. ಬೆಳೆದದ್ದಕ್ಕೆ ದೊಡ್ಡ ಕಡಲಪಾಚಿ ಬೇಕು. ಕೆಂಪು ಪಾಚಿಗಳೆಂದರೆ ಪ್ರೀತಿ, ಅದರಲ್ಲೂ ಗ್ರೆಸಿಲೇರಿಯ. ನಾವು ಜೆಲ್ಲಿಗೆ ಹಾಕುವ ಅಗರ್‌ಅಗರ್ ತೆಗೆಯುವುದು ಇದೇ ಗುಂಪಿನ ಪಾಚಿಯಿಂದ.

ಸಾಕಣೆಯವರ ಲೆಕ್ಕದಲ್ಲಿ ಒಂದು ಕಿಲೋ ತೂಕ ಹೆಚ್ಚಲು 15ರಿಂದ 20 ಕಿಲೋ ಹಸಿ ಗ್ರೆಸಿಲೇರಿಯ ಬೇಕು. ಕೇಳಲು ದೊಡ್ಡ ಅಂಕಿ, ಆದರೆ ಹಸಿ ಪಾಚಿಯ ಬಹುಪಾಲು ಬರೀ ನೀರು. ತೊಂದರೆ ಬರುವುದು ಮಳೆಗಾಲದಲ್ಲಿ. ನದಿನೀರು ಸೇರಿ ಉಪ್ಪಿನಂಶ ಇಳಿದರೆ ಮೊದಲು ಪಾಚಿಯ ಬೆಳೆ ಹಾಳಾಗುತ್ತದೆ. ಅದರ ಬೆನ್ನಿಗೆ ಅಬಲೋನಿಯೂ ಮೇವು ಬಿಡುತ್ತದೆ, ಏಕೆಂದರೆ ಅದೂ ಅಪ್ಪಟ ಕಡಲನೀರಿನ ಜೀವಿ. ಮೇವು ಮತ್ತು ಜಾನುವಾರು ಒಟ್ಟಿಗೇ ಕೈಕೊಡುವ ಕಸುಬು ಇದು.

ಅಮಾವಾಸ್ಯೆ, ಹುಣ್ಣಿಮೆಯ ಲೆಕ್ಕ

ಗಂಡು ಹೆಣ್ಣು ಬೇರೆ ಬೇರೆ. ಹೊರಗಿಂದ ನೋಡಿ ಹೇಳಲಾಗದು. ಕಾಲನ್ನು ಬಲಗಡೆ ಮೆಲ್ಲಗೆ ಸರಿಸಿ ಚಿಪ್ಪಿನಡಿಗೆ ಇಣುಕಿದರೆ ಕೊಂಬಿನಾಕಾರದ ಅಂಗವೊಂದು ಕಾಣುತ್ತದೆ. ಹಸಿರಾಗಿದ್ದರೆ ಹೆಣ್ಣು, ಕೆನೆಬಣ್ಣವಾಗಿದ್ದರೆ ಗಂಡು. ಅದು ಉಬ್ಬಿ ಚಿಪ್ಪಿನ ಅಂಚಿನವರೆಗೆ ಬಂದಿದ್ದರೆ ಮೊಟ್ಟೆಯಿಡಲು ಸಿದ್ಧ ಎಂದರ್ಥ. ಚಿಪ್ಪು ಸುಮಾರು 4 ಸೆಂ.ಮೀ. ಆಗುವಷ್ಟರಲ್ಲಿ, ಹುಟ್ಟಿದ ಒಂದು ವರ್ಷದೊಳಗೇ, ಇದು ಪ್ರಾಯಕ್ಕೆ ಬರುತ್ತದೆ. ದಕ್ಷಿಣ ಆಫ್ರಿಕದ ತಣ್ಣೀರಿನ ಜಾತಿಗೆ ಕಡಲಿನಲ್ಲಿ ಅದಕ್ಕೆ ಏಳೆಂಟು ವರ್ಷ ಬೇಕು.

ಕೂಡುವುದೆಂಬುದಿಲ್ಲ. ಗಂಡು ವೀರ್ಯವನ್ನೂ ಹೆಣ್ಣು ಮೊಟ್ಟೆಯನ್ನೂ ನೀರಿಗೆ ಬಿಡುತ್ತವೆ, ಸೇರಿದರೆ ಸೇರಿತು. ಹೆಣ್ಣೊಂದು ಒಂದು ರಾತ್ರಿಯಲ್ಲಿ ಕೆಲವು ಲಕ್ಷ ಮೊಟ್ಟೆ ಬಿಡಬಲ್ಲದು. ಒಂದೊಂದೂ ಮಿಲಿಮೀಟರಿನ ಐದನೇ ಒಂದು ಭಾಗದಷ್ಟು. ಸಮುದ್ರಕ್ಕೆ ಬಿದ್ದ ವೀರ್ಯ ಕ್ಷಣಕ್ಷಣಕ್ಕೂ ತೆಳುವಾಗುತ್ತ ಹೋಗುತ್ತದೆ. ಹಾಗಾಗಿ ಒಂದು ದಿಬ್ಬದ ಎಲ್ಲ ಅಬಲೋನಿಗಳೂ ಒಂದೇ ಹೊತ್ತಿಗೆ ಬಿಡಬೇಕು. ಆ ಹೊತ್ತನ್ನು ಅವಕ್ಕೆ ಹೇಳಿಕೊಡುವುದು ಚಂದ್ರ ಮತ್ತು ಭರತ.

ಆಸ್ಟ್ರೇಲಿಯದ ಗ್ರೇಟ್ ಬ್ಯಾರಿಯರ್ ರೀಫಿನ ದಕ್ಷಿಣ ತುದಿಯಲ್ಲಿರುವ ಹೆರನ್ ದ್ವೀಪದಲ್ಲಿ ಇದನ್ನು ಹತ್ತಿರದಿಂದ ಗಮನಿಸಿದ್ದಾರೆ. ಅಲ್ಲಿನ ಬೇಸಿಗೆಯ ತಿಂಗಳುಗಳಲ್ಲಿ, ಅಕ್ಟೋಬರಿನಿಂದ ಏಪ್ರಿಲ್‌ವರೆಗೆ, ಎರಡು ವಾರಕ್ಕೊಮ್ಮೆ, ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನ ಸಂಜೆಗಳಲ್ಲಿ, ಭರತ ಏರಿ ನಿಲ್ಲುವ ಹೊತ್ತಿಗೆ ಅವು ಬೀಜ ಬಿಡುತ್ತವೆ. ಗಂಡುಗಳು ಮೊದಲು, ಹೆಣ್ಣುಗಳು ಕೊಂಚ ತಡೆದು. ಎರಡು ಸರದಿಗಳ ನಡುವಿನ ಹದಿನಾಲ್ಕು ಹದಿನೈದು ದಿನದಲ್ಲಿ ಬರಿದಾದ ಅಂಡಾಶಯ ಮತ್ತೆ ತುಂಬಿಕೊಳ್ಳುತ್ತದೆ. ಭೂಮಧ್ಯರೇಖೆಗೆ ಹತ್ತಿರದ ಫಿಲಿಪೀನ್ಸಿನಲ್ಲಿ ಚಳಿ ಸೆಕೆಗಳ ಅಂತರ ಕಡಿಮೆಯಾದ್ದರಿಂದ ವರ್ಷವಿಡೀ ಮೊಟ್ಟೆ ಸಿಗುತ್ತದೆ.

ಒಂದೇ ದಿಬ್ಬದಲ್ಲಿ ಎರಡು ಮೂರು ಜಾತಿಯ ಅಬಲೋನಿಗಳಿದ್ದರೆ ಬೀಜ ಬೆರೆತುಹೋಗದೆ? ಇದಕ್ಕೊಂದು ಬೀಗ ಇದೆ. ವೀರ್ಯಾಣುವಿನ ತುದಿಯಲ್ಲಿರುವ ಲೈಸಿನ್ ಎಂಬ ಪ್ರೋಟೀನು ಮೊಟ್ಟೆಯ ಹೊರಪೊರೆಯಲ್ಲಿ ತೂತು ಮಾಡುತ್ತದೆ. ಆದರೆ ಆ ಕೀಲಿ ತನ್ನ ಜಾತಿಯ ಮೊಟ್ಟೆಗಷ್ಟೇ ಚೆನ್ನಾಗಿ ಹೊಂದುತ್ತದೆ.

ಮೂರು ದಿನದ ಅಲೆದಾಟ

ಸುಮಾರು 28 ಡಿಗ್ರಿ ಬಿಸಿಯ ನೀರಿನಲ್ಲಿ ಏಳೆಂಟು ಗಂಟೆಗೆ ಮೊಟ್ಟೆಯೊಡೆದು ರೋಮವುಳ್ಳ ಬುಗುರಿಯಂಥ ಮರಿ ಹೊರಬರುತ್ತದೆ. ಅಂದೇ ಪುಟ್ಟ ಚಿಪ್ಪೂ ಮೂಡತೊಡಗುತ್ತದೆ. ಈ ಹಂತದಲ್ಲಿ ಅದು ಏನನ್ನೂ ತಿನ್ನುವುದಿಲ್ಲ. ತಾಯಿ ಕಟ್ಟಿಕೊಟ್ಟ ಬುತ್ತಿಯಂತೆ ಮೊಟ್ಟೆಯಲ್ಲಿದ್ದ ಹಳದಿಯೇ ಆಹಾರ. ಮೂರು ನಾಲ್ಕು ದಿನಕ್ಕೆ ನೆಲ ಹಿಡಿಯಲು ತಯಾರು.

ಎಲ್ಲೆಂದರಲ್ಲಿ ಅದು ಇಳಿಯುವುದಿಲ್ಲ. ಬಂಡೆಗೆ ಕೆಂಪು ಸುಣ್ಣ ಬಳಿದಂತೆ ಹರಡುವ ಒಂದು ಬಗೆಯ ಗಟ್ಟಿ ಪಾಚಿಯಿದೆ. ಅದರ ರಾಸಾಯನಿಕ ಸುಳಿವು ಸಿಕ್ಕರೆ ಮಾತ್ರ ಈಜುವ ರೋಮಗಳನ್ನು ಕಳಚಿ ಕಾಲೂರಿ ಬಸವನಹುಳುವಾಗುತ್ತದೆ. ಮುಂದಿನ ಕೆಲವು ವಾರ ಮರಿಯ ಚಿಪ್ಪೂ ಆ ಪಾಚಿಯದೇ ಕಡುಗೆಂಪು ಬಣ್ಣ. ಪಾಚಿಯ ಮೇಲೆ ಕೂತರೆ ಹುಡುಕಿದರೂ ಸಿಗದು. ಬೆಳೆದಂತೆ ಚಿಪ್ಪಿನಲ್ಲಿ ಏಣುಗಳು, ನೀಲಿ ಚುಕ್ಕಿಗಳು ಬಂದು ಹೋಗಿ, ಕೊನೆಗೆ ಕಂದುಹಸಿರು ಮಚ್ಚೆಗಳ ನುಣುಪು ಚಿಪ್ಪು ಉಳಿಯುತ್ತದೆ.

ಮರಿಕೇಂದ್ರದಲ್ಲಿ ಎಲ್ಲಿ ಎಡವುತ್ತಾರೆ?

ಫಿಲಿಪೀನ್ಸಿನ ಪನಾಯ್ ದ್ವೀಪದ ಇಲೊಯಿಲೊ ಪ್ರಾಂತ್ಯದಲ್ಲಿ ತಿಗ್ಬಾವಾನ್ ಎಂಬ ಊರಿದೆ. ಆಗ್ನೇಯ ಏಷ್ಯಾದ ದೇಶಗಳ ಮೀನುಗಾರಿಕೆ ಸಂಸ್ಥೆ ಸೀಫ್‌ಡೆಕ್‌ನ ಜಲಕೃಷಿ ವಿಭಾಗ ಇರುವುದು ಅಲ್ಲಿ. 1990ರ ದಶಕದಿಂದ ಈ ಜಾತಿಯ ಮರಿ ಮಾಡುವ ಕ್ರಮವನ್ನು ಅಲ್ಲಿ ರೂಢಿಗೆ ತಂದಿದ್ದಾರೆ. ಕ್ರಮ ಹೇಳಲು ಸುಲಭ: ಬಲಿತ ಗಂಡು ಹೆಣ್ಣುಗಳನ್ನು ತೊಟ್ಟಿಯಲ್ಲಿ ಗ್ರೆಸಿಲೇರಿಯ ಹಾಕಿ ಸಾಕಿದರೆ ರಾತ್ರಿ ಅವೇ ಬೀಜ ಬಿಡುತ್ತವೆ. ಮೊಟ್ಟೆಯನ್ನು ಸಣ್ಣ ಜರಡಿಯಲ್ಲಿ ಹಿಡಿದು ತೊಳೆಯಬೇಕು. ಈ ತೊಳೆಯುವಿಕೆ ಬಿಟ್ಟರೆ ಮೊದಲ ಎಡವಟ್ಟು. ವೀರ್ಯ ಹೆಚ್ಚಾದಷ್ಟೂ ಒಳ್ಳೆಯದು ಎನ್ನಿಸುತ್ತದೆ, ನಿಜದಲ್ಲಿ ಒಂದು ಮೊಟ್ಟೆಗೆ ಹಲವು ವೀರ್ಯಾಣು ನುಗ್ಗಿ ಪೊರೆ ಕರಗುತ್ತದೆ, ಭ್ರೂಣ ವಕ್ರವಾಗುತ್ತದೆ, ಮಿಕ್ಕ ವೀರ್ಯ ಕೊಳೆತು ನೀರು ಕೆಡುತ್ತದೆ.

ಕಷ್ಟದ ಘಟ್ಟ ಆಮೇಲಿನದು. ಮೂರನೇ ದಿನದ ಮರಿಗಳನ್ನು ಸುಕ್ಕುಸುಕ್ಕಾದ ಪ್ಲಾಸ್ಟಿಕ್ ಹಾಳೆಗಳಿರುವ ತೊಟ್ಟಿಗೆ ಬಿಡುತ್ತಾರೆ. ಹಾಳೆಗಳನ್ನು ಎರಡು ಮೂರು ವಾರ ಮೊದಲೇ ನೀರಿಗಿಳಿಸಿ ಅವುಗಳ ಮೇಲೆ ಡಯಾಟಮ್ ಬೆಳೆಸಿರಬೇಕು. ಪದರ ತೆಳುವಾದರೆ ಮರಿಗಳು ಕೆರೆದು ಮುಗಿಸಿ ಹಸಿದು ಸಾಯುತ್ತವೆ. ದಪ್ಪವಾದರೆ ಹಳೆಯ ಗೋಡೆಯ ಸುಣ್ಣದಂತೆ ಪದರವೇ ಕಿತ್ತು ಉದುರುತ್ತದೆ, ಮರಿಗಳೂ ಅದರೊಡನೆ ತಳಕ್ಕೆ. ಬೆಳಕು ಹೆಚ್ಚಿಸಿ, ನೆರಳುಪರದೆ ಎಳೆದು ಇದನ್ನು ಹದದಲ್ಲಿಡುವುದೇ ದಿನನಿತ್ಯದ ಕೆಲಸ. ಕೋಪಿಪಾಡ್ ಎಂಬ ಸೂಕ್ಷ್ಮ ಸಿಗಡಿಯಂಥ ಹುಳುಗಳು ಸೇರಿಕೊಂಡರೆ ಅದೇ ಪದರಕ್ಕೆ ಪೈಪೋಟಿ. ಬಿಟ್ಟ ಮರಿಗಳಲ್ಲಿ ನೂರಕ್ಕೆ ಐದು ಉಳಿದರೆ ಅದೇ ಹೆಚ್ಚು.

ಮೂರು ತಿಂಗಳಿಗೆ ಮರಿ ಸುಮಾರು ಒಂದು ಸೆಂಟಿಮೀಟರು. ಅಷ್ಟರೊಳಗೆ ಗ್ರೆಸಿಲೇರಿಯಕ್ಕೆ ಬಾಯಿ ಹೊಂದಿರುತ್ತದೆ. ಸೀಳಿದ ಪಿವಿಸಿ ಪೈಪಿನ ತುಂಡುಗಳನ್ನು ಅವಿತುಕೊಳ್ಳಲು ಕೊಟ್ಟು, ಬಲೆಯ ಪಂಜರದಲ್ಲಿ ಕಡಲಿಗೆ ಇಳಿಸುತ್ತಾರೆ. ವರ್ಷ ದಾಟುವ ಹೊತ್ತಿಗೆ 5ರಿಂದ 6 ಸೆಂ.ಮೀ. ಆಗಿ ಹೋಟೆಲಿನವರು ‘ಕಾಕ್‌ಟೇಲ್’ ಎನ್ನುವ ಗಾತ್ರಕ್ಕೆ ಬರುತ್ತದೆ. ತಿನ್ನದೆ ಉಳಿದ ಪಾಚಿಯನ್ನು ತೆಗೆಯದಿದ್ದರೆ ಅದು ಕೊಳೆತು ಅಮೋನಿಯ ಏರುತ್ತದೆ. ತೊಟ್ಟಿಯಲ್ಲಾದರೆ ಉಸಿರುಗಟ್ಟಿದ ಅಬಲೋನಿಗಳು ಗೋಡೆ ಹತ್ತಿ ನೀರಿನಿಂದಲೇ ಹೊರಬಂದು ಒಣಗಿ ಸಾಯುತ್ತವೆ. ಬೆಳಿಗ್ಗೆ ತೊಟ್ಟಿಯ ಅಂಚಿನಲ್ಲಿ ಅವು ಸಾಲುಗಟ್ಟಿದ್ದರೆ ನೀರು ಕೆಟ್ಟಿದೆ ಎಂದೇ ಲೆಕ್ಕ.

ಇಷ್ಟು ಬೇಗ ಹುಟ್ಟುವುದು ಮುಗಿಯುವುದೇಕೆ?

ವರ್ಷದೊಳಗೆ ಪ್ರಾಯ, ಹದಿನೈದು ದಿನಕ್ಕೊಮ್ಮೆ ಲಕ್ಷಗಟ್ಟಲೆ ಮೊಟ್ಟೆ. ಹಿಡಿದಷ್ಟೂ ಹುಟ್ಟಬೇಕಲ್ಲ? ಲೆಕ್ಕ ತಪ್ಪುವುದು ದೂರದಲ್ಲಿ. ಗಂಡು ಹೆಣ್ಣು ಕೆಲವು ಅಡಿಗಳ ಅಂತರದಲ್ಲಿದ್ದರೆ ಬಹುಪಾಲು ಮೊಟ್ಟೆ ಫಲಿಸುತ್ತವೆ. ಹತ್ತಾರು ಅಡಿ ಆದರೆ ಫಲಿಸುವುದು ಅತ್ಯಲ್ಪ. ಸುಲಭವಾಗಿ ಕೈಗೆ ಸಿಗುವ ದಿಬ್ಬಗಳಿಂದ ಆರಿಸಿ ಆರಿಸಿ ಹಿಡಿದಾಗ, ಉಳಿದವು ಚದುರಿಹೋಗುತ್ತವೆ. ಪ್ರಾಣಿಗಳಿವೆ, ಮೊಟ್ಟೆಯನ್ನೂ ಬಿಡುತ್ತಿವೆ, ಮರಿ ಮಾತ್ರ ಇಲ್ಲ. ಹಾಗಾಗಿಯೇ ಹಿಡಿಯುವುದು ನಿಂತ ಮೇಲೂ ಸಂಖ್ಯೆ ಇಳಿಯುತ್ತ ಹೋಗಬಹುದು. ಕ್ಯಾಲಿಫೋರ್ನಿಯದ ಬಿಳಿ ಅಬಲೋನಿಗೆ ಆದದ್ದು ಇದು. 1970ರ ದಶಕದಲ್ಲಿ ಅದನ್ನು ವಿಪರೀತ ಹಿಡಿದರು, 2001ರಲ್ಲಿ ಅದು ಅಮೆರಿಕದ ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿತು. ಬೆನ್ನುಮೂಳೆಯಿಲ್ಲದ ಕಡಲಜೀವಿಯೊಂದು ಆ ಪಟ್ಟಿ ಸೇರಿದ್ದು ಅದೇ ಮೊದಲು.

ನಮ್ಮ ದೇಶಕ್ಕೂ ಅಬಲೋನಿಯ ನಂಟಿದೆ. ತಮಿಳುನಾಡಿನ ಮನ್ನಾರ್ ಕೊಲ್ಲಿಯ ಹವಳದ ದಿಬ್ಬಗಳಲ್ಲಿರುವುದು ‘ಹ್ಯಾಲಿಯೋಟಿಸ್ ವೇರಿಯ’, ಕತ್ತೆಕಿವಿಗಿಂತ ಚಿಕ್ಕದು, ಚಿಪ್ಪು ಒರಟು. ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಅದರ ಮರಿ ಮಾಡುವುದನ್ನೂ ಅದರೊಳಗೆ ಮುತ್ತು ಬೆಳೆಸುವುದನ್ನೂ ಪ್ರಯೋಗಿಸಿ ನೋಡಿದ್ದಾರೆ. ಚಿಪ್ಪಿನ ಒಳಮೈ ನವಿಲುಗರಿಯಂತೆ ಹೊಳೆಯುವುದರಿಂದ ಅಲ್ಲಿ ಬೆಳೆದ ಮುತ್ತಿಗೂ ಆ ಬಣ್ಣ. ಅಂದಹಾಗೆ ಅದು ನಿಜವಾದ ಬಣ್ಣವಲ್ಲ. ಅರ್ಧ ಮೈಕ್ರಾನ್ ದಪ್ಪದ ಸುಣ್ಣದ ಬಿಲ್ಲೆಗಳು ಸಾವಿರಾರು ಪದರವಾಗಿ ಜೋಡಿಸಿಕೊಂಡಿವೆ. ಬೆಳಕಿನ ಅಲೆಯ ಉದ್ದವೂ ಹೆಚ್ಚುಕಡಿಮೆ ಅಷ್ಟೇ ಆದ್ದರಿಂದ, ನೀರಿನ ಮೇಲೆ ಚೆಲ್ಲಿದ ಎಣ್ಣೆಯಂತೆ ಬಣ್ಣ ಒಡೆದು ಕಾಣುತ್ತದೆ.

ಚಿಪ್ಪಿನಲ್ಲೇ ಬರೆದ ಊರಿನ ಹೆಸರು

ಬರಿದಾದ ದಿಬ್ಬಗಳಿಗೆ ಮರಿಕೇಂದ್ರದ ಅಬಲೋನಿಗಳನ್ನು ಬಿಡುವ ಕೆಲಸ ಫಿಲಿಪೀನ್ಸಿನಲ್ಲಿ ನಡೆದಿದೆ. ನೆಗ್ರೋಸ್ ದ್ವೀಪದ ಸಗಾಯ್ ಕಡಲ ರಕ್ಷಿತ ಪ್ರದೇಶದ ಕಾರ್ಬಿನ್ ದಿಬ್ಬ ಅಂಥ ಒಂದು ಜಾಗ. ಬೆರಳುಗುರಿನಷ್ಟು ಗಾತ್ರದಲ್ಲಿ ಬಿಟ್ಟರೆ ಏಡಿ, ಮೀನುಗಳ ಪಾಲಾಗುತ್ತವೆ ಎಂದು 3 ಸೆಂ.ಮೀ. ಆಸುಪಾಸಿಗೆ ಬೆಳೆಸಿಯೇ ಬಿಡುತ್ತಾರೆ. ಆದರೆ ತಿಂಗಳುಗಳಾದ ಮೇಲೆ ಸಿಕ್ಕ ಪ್ರಾಣಿ ತಾವು ಬಿಟ್ಟದ್ದೋ ಅಲ್ಲಿಯೇ ಹುಟ್ಟಿದ್ದೋ ಎಂದು ಗುರುತಿಸುವುದು ಹೇಗೆ? ಅಂಟಿಸಿದ ಚೀಟಿ ಉದುರಬಹುದು.

ಇದಕ್ಕೆ ದಾರಿ ತೋರಿದ್ದು ಮೇವು. ಚಿಪ್ಪಿನ ಬಣ್ಣ ಆಯಾ ಕಾಲಕ್ಕೆ ತಿಂದದ್ದನ್ನು ಅವಲಂಬಿಸಿದೆ. ಗ್ರೆಸಿಲೇರಿಯ ತಿಂದಾಗ ಬೆಳೆದ ಭಾಗ ಕಂದು. ಕೆಲವು ವಾರ ತಯಾರಿಸಿದ ಮೇವು ಕೊಟ್ಟರೆ ಆಗ ಬೆಳೆದ ಭಾಗ ನೀಲಿಹಸಿರು. ಆಮೇಲೆ ಸಮುದ್ರಕ್ಕೆ ಬಿಟ್ಟರೆ ಕಾಡುಪಾಚಿ ತಿಂದು ಚಿಪ್ಪು ಮತ್ತೆ ಕಂದಾಗಿಯೇ ಮುಂದುವರಿಯುತ್ತದೆ, ನಡುವಿನ ನೀಲಿ ಪಟ್ಟಿ ಮಾತ್ರ ಹಾಗೇ ಉಳಿಯುತ್ತದೆ. ಮುಳುಗುಗಾರ ದಿಬ್ಬದ ಕಲ್ಲು ಮಗುಚಿದಾಗ ಸಿಕ್ಕ ಅಬಲೋನಿಯಲ್ಲಿ ಆ ಪಟ್ಟಿ ಕಂಡರೆ ಅದು ತೊಟ್ಟಿಯಲ್ಲಿ ಹುಟ್ಟಿದ್ದು. ಪಟ್ಟಿಯಿಂದ ಅಂಚಿನವರೆಗೆ ಅಳೆದರೆ, ಬಿಟ್ಟ ಮೇಲೆ ಎಷ್ಟು ಬೆಳೆದಿದೆ ಎಂಬುದೂ ಸಿಗುತ್ತದೆ.